ಸಿಂಕಿಗೆ ಸುರಿದದ್ದು ಎಲ್ಲಿಗೆ?

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ಯಾರನ್ನೇ ಕೇಳಿ, ಅಸೆಟನಿಲೈಡ್ ನೆನಪಿರುತ್ತದೆ. ಬೀಕರಿನ ತಳದಲ್ಲಿ ಎಣ್ಣೆಯಂಥ ಕಂದು ಅನಿಲಿನ್, ಅದರ ಮೇಲೆ ಮೂಗು ಉರಿಸುವ ಅಸೆಟಿಕ್ ಅನ್‌ಹೈಡ್ರೈಡ್, ಗಾಜು ಮುಟ್ಟಿದರೆ ಕೈಗೆ ತಾಗುವ ಕಾವು, ಆಮೇಲೆ ಐಸ್ ಹಾಕಿದ ನೀರಿಗೆ ಸುರಿದ ಕೂಡಲೇ ಬೆಳ್ಳಗೆ ಇಳಿಯುವ ಪುಡಿ. ಬುಕ್ನರ್ ಫನಲ್‌ನಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿ, ಫಿಲ್ಟರ್ ಕಾಗದದ ನಡುವೆ ಒತ್ತಿ ಒಣಗಿಸಿ ತೂಗಿದರೆ ಪ್ರಯೋಗ ಮುಗಿಯಿತು. ಕರಗುವ ಬಿಂದು 114 ಡಿಗ್ರಿ ಸೆಲ್ಸಿಯಸ್ ಬಂದರೆ ಸಮಾಧಾನ. ‘ಈಲ್ಡ್ ಎಷ್ಟು ಬಂತೇ?’ ಎಂಬುದೇ ಆ ಮಧ್ಯಾಹ್ನದ ದೊಡ್ಡ ಪ್ರಶ್ನೆ. ಸೋಸಿ ಉಳಿದ ಹುಳಿವಾಸನೆಯ ನೀರಿನ ಬಗ್ಗೆ ನಡೆಯುವ ಮಾತು ಬಹಳ ಚಿಕ್ಕದು.

‘ಮೇಡಂ, ಇದನ್ನ ಸಿಂಕಿಗೆ ಹಾಕ್ಲಾ?’

‘ಹ್ಞೂಂ, ನಲ್ಲಿ ಜೋರಾಗಿ ಬಿಟ್ಟು ಹಾಕು.’

ರೆಕಾರ್ಡ್ ಪುಸ್ತಕದಲ್ಲೂ ಆ ನೀರಿಗೆ ಜಾಗವಿಲ್ಲ. ಉದ್ದೇಶ, ತತ್ವ, ಬೇಕಾದ ರಾಸಾಯನಿಕಗಳು, ವಿಧಾನ, ಸಮೀಕರಣ, ಲೆಕ್ಕ, ಫಲಿತಾಂಶ ಎಲ್ಲಕ್ಕೂ ತಲೆಬರಹವಿದೆ. ಉಳಿದದ್ದೇನು, ಎಷ್ಟು ಉಳಿಯಿತು, ಎಲ್ಲಿಗೆ ಹೋಯಿತು ಎಂಬುದಕ್ಕೆ ಮಾತ್ರ ಇಲ್ಲ. ಕಸವೇ ಹುಟ್ಟದಂತೆ ಪ್ರಯೋಗವನ್ನು ರೂಪಿಸುವ ಹಸಿರು ರಸಾಯನಶಾಸ್ತ್ರ ಶುರುವಾಗಬೇಕಾದದ್ದು ಇಲ್ಲಿಂದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳ ಪದವಿ ಕಾಲೇಜಿಗೆ ಇದು ದೊಡ್ಡ ಸಂಸ್ಥೆಗಳ ಸಂಗತಿ ಎನಿಸಬಹುದು. ಆದರೆ ನೀರು ಕಡಿಮೆ, ದುಡ್ಡು ಕಡಿಮೆ, ಬಿಸಿಲು ಮಾತ್ರ ಧಾರಾಳವಾಗಿರುವ ಕಡೆಯೇ ಇದರ ಅಗತ್ಯವೂ ಹೆಚ್ಚು, ಇದಕ್ಕೆ ಅನುಕೂಲವೂ ಹೆಚ್ಚು.

ಮೊದಲು ಅಸೆಟನಿಲೈಡ್‌ನ ಲೆಕ್ಕವನ್ನೇ ನೋಡೋಣ. ಅನಿಲಿನ್‌ನ ಅಣುತೂಕ 93, ಅಸೆಟಿಕ್ ಅನ್‌ಹೈಡ್ರೈಡ್‌ನದು 102. ಎರಡೂ ಸೇರಿ 195. ಅದರಲ್ಲಿ ಬೇಕಾದ ವಸ್ತುವಾಗಿ ಬರುವುದು 135. ಉಳಿದ 60 ಅಸೆಟಿಕ್ ಆಮ್ಲವಾಗಿ ನೀರಿನಲ್ಲಿ ಹೊರಟುಹೋಗುತ್ತದೆ. ವಿದ್ಯಾರ್ಥಿ ಒಂದಿಷ್ಟೂ ಚೆಲ್ಲದೆ ನೂರಕ್ಕೆ ನೂರು ಇಳುವರಿ ತೆಗೆದರೂ, ಬೀಕರಿಗೆ ಹಾಕಿದ ಪರಮಾಣುಗಳಲ್ಲಿ ತೂಕದ ಪ್ರಕಾರ ಸುಮಾರು 69 ಪ್ರತಿಶತ ಮಾತ್ರ ಉತ್ಪನ್ನದಲ್ಲಿರುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾರಿ ಟ್ರಾಸ್ಟ್ 1991ರಲ್ಲಿ ಮುಂದಿಟ್ಟ ‘ಪರಮಾಣು ಮಿತವ್ಯಯ’ ಎಂಬ ಅಳತೆ ಇದು. ಮರುವರ್ಷ ನೆದರ್ಲೆಂಡ್ಸ್‌ನ ರೋಜರ್ ಶೆಲ್ಡನ್ ಇನ್ನೂ ನೇರವಾದ ಅಳತೆಯೊಂದನ್ನು ಕೊಟ್ಟರು: ಒಂದು ಕಿಲೋ ಸರಕು ತಯಾರಾಗುವಾಗ ಎಷ್ಟು ಕಿಲೋ ಕಸ ಹುಟ್ಟುತ್ತದೆ? ಅವರು ಲೆಕ್ಕ ಹಾಕಿದಾಗ ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಕಸ ಕಾಲು ಕಿಲೋ ಕೂಡ ಇರಲಿಲ್ಲ. ಔಷಧ ತಯಾರಿಕೆಯಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಎಲ್ಲಕ್ಕಿಂತ ಸ್ವಚ್ಛ ಎಂದು ನಾವು ಭಾವಿಸುವ ಉದ್ಯಮವೇ ಉತ್ಪನ್ನದ ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಹೆಚ್ಚು ಕಸ ಹುಟ್ಟಿಸುತ್ತಿತ್ತು.

ಈ ಅಂಕಿ ಬಿ.ಎಸ್ಸಿ. ವಿದ್ಯಾರ್ಥಿಗೆ ಬೇಡದ ಮಾತಲ್ಲ. ಪದವಿ ಮುಗಿಸಿ ಕೆಲಸ ಹುಡುಕುವವರಿಗೆ ಬೆಂಗಳೂರು, ಹೈದರಾಬಾದ್ ಸುತ್ತಲಿನ ಔಷಧ ಕಾರ್ಖಾನೆಗಳೇ ದೊಡ್ಡ ಬಾಗಿಲು. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಕಾರ್ಖಾನೆಗಳ ತ್ಯಾಜ್ಯ ಹಳ್ಳಕ್ಕೂ ಅಂತರ್ಜಲಕ್ಕೂ ಸೇರಿ ಸುತ್ತಲಿನ ಹಳ್ಳಿಗಳ ಬದುಕು ಹೇಗಾಯಿತು ಎಂಬುದು ದೇಶಕ್ಕೇ ಗೊತ್ತಿರುವ ಕಥೆ. ಇದಕ್ಕೆ ಎದುರಾಗಿ ಐಬುಪ್ರೊಫೆನ್ ಕಥೆಯಿದೆ. ಬ್ರಿಟನ್ನಿನ ಬೂಟ್ಸ್ ಕಂಪನಿ ಈ ನೋವಿನ ಮಾತ್ರೆಯನ್ನು ಆರು ಹಂತಗಳಲ್ಲಿ ಮಾಡುತ್ತಿತ್ತು; ಹಾಕಿದ ಪರಮಾಣುಗಳಲ್ಲಿ ಸುಮಾರು 40 ಪ್ರತಿಶತ ಮಾತ್ರ ಮಾತ್ರೆಗೆ ಸೇರುತ್ತಿದ್ದವು. 1990ರ ದಶಕದ ಆರಂಭದಲ್ಲಿ ಬಿಎಚ್‌ಸಿ ಕಂಪನಿ ಅದನ್ನು ಮೂರೇ ಹಂತಕ್ಕೆ ಇಳಿಸಿತು, ಪರಮಾಣು ಮಿತವ್ಯಯ 77 ಪ್ರತಿಶತಕ್ಕೆ ಏರಿತು. ಯಾರೋ ಒಬ್ಬರು ಕಾಗದದ ಮೇಲೆ ದಾರಿಯನ್ನು ಬದಲಿಸಿ ಬರೆದದ್ದರಿಂದ ಸಾವಿರಾರು ಟನ್ ಕಸ ಹುಟ್ಟುವ ಮೊದಲೇ ಇಲ್ಲವಾಯಿತು. ಹಾಗೆ ದಾರಿ ಬದಲಿಸುವ ಅಭ್ಯಾಸ ಎಲ್ಲಿ ಬರಬೇಕು? ಮೊದಲ ಬಾರಿ ಫ್ಲಾಸ್ಕ್ ಹಿಡಿಯುವ ಲ್ಯಾಬಿನಲ್ಲೇ ಬರಬೇಕು.

ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ 1998ರ ತಮ್ಮ ಪುಸ್ತಕದಲ್ಲಿ ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ವಗಳನ್ನು ಹೇಳಿದರು. ಕಸ ಹುಟ್ಟಿದ ಮೇಲೆ ಗುಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳಿ ಎಂಬುದು ಮೊದಲನೆಯದು. ಅಪಘಾತಕ್ಕೆ ಎಡೆಯಿಲ್ಲದ ವಸ್ತುಗಳನ್ನೇ ಆರಿಸಿಕೊಳ್ಳಿ ಎಂಬುದು ಕೊನೆಯದು. ಭಾರತದ ಪಠ್ಯಕ್ರಮಗಳಿಗೆ ಈ ತತ್ವಗಳು ಬಂದು ಎಷ್ಟೋ ವರ್ಷವಾಯಿತು. ಯುಜಿಸಿ ರೂಪಿಸಿದ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್) ಮಾದರಿಯಲ್ಲಿ ಹಸಿರು ರಸಾಯನಶಾಸ್ತ್ರ ಒಂದು ಐಚ್ಛಿಕ ಪತ್ರಿಕೆಯಾಗಿತ್ತು. ಅದು ನಿಂತಿರುವುದು ಥಿಯರಿಯಲ್ಲಿ. ಬೆಳಿಗ್ಗೆ ತರಗತಿಯಲ್ಲಿ ಹನ್ನೆರಡು ತತ್ವಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಮಧ್ಯಾಹ್ನ ಲ್ಯಾಬಿಗೆ ಹೋಗಿ ಫ್ಯೂಮ್ ಹುಡ್ ಇಲ್ಲದ ಮೇಜಿನ ಮೇಲೆ ಬ್ರೋಮಿನ್ ಬಾಟಲಿಯ ಮುಚ್ಚಳ ತೆಗೆಯುತ್ತಾನೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಉತ್ತರ ಬರೆಯುವುದಕ್ಕೂ ಫ್ಲಾಸ್ಕಿನಲ್ಲಿ ಆಗುವುದಕ್ಕೂ ಸಂಬಂಧವೇ ಇಲ್ಲದಂತೆ ಎರಡೂ ನಡೆದುಕೊಂಡು ಹೋಗುತ್ತವೆ. ಬದಲಾಗಬೇಕಾದದ್ದು ಇದೇ.

ಚಿತ್ರದುರ್ಗ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು. ಹೊಳಲ್ಕೆರೆ ಕಡೆ ಸ್ವಲ್ಪ ಹೆಚ್ಚು, ಹಿರಿಯೂರು, ಚಳ್ಳಕೆರೆ ಕಡೆ ಇನ್ನೂ ಕಡಿಮೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದ ನಂತರ. ಉಳಿದ ವರ್ಷಗಳಲ್ಲಿ ಜನ ನಂಬಿದ್ದು ಕೊಳವೆಬಾವಿಯನ್ನು. ಆ ನೀರಿನಲ್ಲೋ ಹಲವು ಕಡೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ಮೀರಿದ ನೀರು ಕುಡಿದು ಹಲ್ಲು ಕಂದಾದವರು, ಮೂಳೆ ನೋವಿನಿಂದ ನರಳುವವರು ಜಿಲ್ಲೆಯ ಹಳ್ಳಿಗಳಿಗೆ ಹೊಸಬರಲ್ಲ. ಲ್ಯಾಬಿನಲ್ಲಿ ಕೂತ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅಂತರ್ಜಲದ ರಸಾಯನಶಾಸ್ತ್ರ ಮನೆಯ ವಿಷಯ. ಒಳಚರಂಡಿ ತಲುಪದ ಕಟ್ಟಡದಲ್ಲಿ ಸಿಂಕಿನ ಪೈಪು ಸೇರುವುದು ಇಂಗುಗುಂಡಿಗೆ. ಅದರಾಚೆ ಇರುವುದು ಊರಿನ ಕೊಳವೆಬಾವಿಗಳು ನೀರೆತ್ತುವ ಅದೇ ನೆಲ. ಫ್ಲೋರೈಡ್ ಬಂಡೆಯಿಂದ ಬಂದದ್ದು, ಅದನ್ನು ಯಾರೂ ಸುರಿದದ್ದಲ್ಲ. ಲ್ಯಾಬಿನ ಕ್ರೋಮಿಯಂ, ಅನಿಲಿನ್, ಕ್ಲೋರೊಫಾರ್ಮ್ ಹಾಗಲ್ಲ. ಅವು ಕೈಯಾರೆ ಸುರಿದರೆ ಮಾತ್ರ ಹೋಗುವಂಥವು.

ಇನ್ನು ಲ್ಯಾಬ್ ಕುಡಿಯುವ ನೀರು. ಸಾವಯವ ರಸಾಯನದ ಹಲವು ಪ್ರಯೋಗಗಳು ರಿಫ್ಲಕ್ಸ್ ಇಲ್ಲದೆ ನಡೆಯುವುದಿಲ್ಲ. ಫ್ಲಾಸ್ಕ್ ಕುದಿಯುತ್ತಿರುತ್ತದೆ, ಮೇಲಿನ ಕಂಡೆನ್ಸರಿನಲ್ಲಿ ತಣ್ಣೀರು ಹರಿಯುತ್ತಿರುತ್ತದೆ, ಹರಿದದ್ದೆಲ್ಲ ಸಿಂಕಿಗೆ ಹೋಗುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಎಂದಿಟ್ಟುಕೊಂಡರೂ ಹತ್ತು ಕಂಡೆನ್ಸರ್‌ಗಳು ಒಂದು ಗಂಟೆಯಲ್ಲಿ 600 ಲೀಟರ್ ಶುದ್ಧ ನೀರನ್ನು ಚರಂಡಿಗೆ ಕಳಿಸುತ್ತವೆ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಷ್ಟಾದರೂ ಸಿಗಬೇಕು ಎಂದಿರುವುದು 55 ಲೀಟರ್. ಅಂದರೆ ಹನ್ನೊಂದು ಮಂದಿಯ ಒಂದು ದಿನದ ನೀರು ಒಂದು ಬ್ಯಾಚಿನ ಒಂದು ಪ್ರಯೋಗಕ್ಕೆ ಖರ್ಚು. ನಲ್ಲಿಗೆ ಸಿಕ್ಕಿಸಿ ಸೋಸುವ ಸಕ್ಷನ್ ಪಂಪ್ ಇನ್ನೂ ಹೆಚ್ಚು ಕುಡಿಯುತ್ತದೆ. ಇದಕ್ಕೆ ಪರಿಹಾರ ದುಬಾರಿಯಲ್ಲ: ಒಂದು ದೊಡ್ಡ ಬಕೆಟ್ ನೀರು, ಅದರಲ್ಲಿ ಏರ್ ಕೂಲರಿಗೆ ಹಾಕುವ ಚಿಕ್ಕ ಮುಳುಗು ಪಂಪ್, ಅಲ್ಲಿಂದ ಕಂಡೆನ್ಸರಿಗೆ, ಕಂಡೆನ್ಸರಿನಿಂದ ಮತ್ತೆ ಬಕೆಟ್‌ಗೆ. ನೀರು ಬಿಸಿಯಾದರೆ ಎರಡು ಐಸ್ ತುಂಡು. ಕುದಿಬಿಂದು ಹೆಚ್ಚಿರುವ ದ್ರವವನ್ನು ಚಿಕ್ಕ ಪ್ರಮಾಣದಲ್ಲಿ ಕುದಿಸುವಾಗ ನೀರೇ ಬೇಡ. ಉದ್ದನೆಯ ಬರಿ ಗಾಜಿನ ಕೊಳವೆ ಸಾಕು, ಹೊರಗಿನ ಗಾಳಿಯೇ ಆವಿಯನ್ನು ತಣಿಸುತ್ತದೆ.

ಪ್ರಮಾಣ ಚಿಕ್ಕದು ಮಾಡುವುದೇ ಹಲವು ತೊಂದರೆಗಳಿಗೆ ಒಂದೇ ಮದ್ದು. ಅಮೆರಿಕದ ಬೌಡನ್ ಕಾಲೇಜು 1980ರ ದಶಕದಲ್ಲಿ ತನ್ನ ಸಾವಯವ ಲ್ಯಾಬಿನ ಗಾಳಿ ಕೆಟ್ಟಿದೆ ಎಂದು ಚಿಂತೆಗೆ ಬಿದ್ದಿತ್ತು. ಹೊಸ ವಾತಾಯನ ವ್ಯವಸ್ಥೆ ಕಟ್ಟಿಸಲು ಆಗುವ ಖರ್ಚು ದೊಡ್ಡದು. ಅಲ್ಲಿನ ಡಾನಾ ಮೇಯೊ, ಸ್ಯಾಮ್ಯುಯೆಲ್ ಬುಚರ್ ಅವರು ಮೆರಿಮ್ಯಾಕ್ ಕಾಲೇಜಿನ ರೊನಾಲ್ಡ್ ಪೈಕ್ ಜೊತೆ ಸೇರಿ ಇನ್ನೊಂದು ದಾರಿ ಹಿಡಿದರು: ಹತ್ತು ಗ್ರಾಂ ಹಾಕುತ್ತಿದ್ದ ಕಡೆ ಒಂದು ಗ್ರಾಂಗೂ ಕಡಿಮೆ ಹಾಕಿದರೆ ಹೊಗೆಯೂ ಅಷ್ಟಕ್ಕೇ ಇಳಿಯುತ್ತದೆ. ಅಲ್ಲಿಂದ ಹುಟ್ಟಿದ್ದು ಮೈಕ್ರೊಸ್ಕೇಲ್ ಲ್ಯಾಬ್. 1986ರಲ್ಲಿ ಅದರ ಪಠ್ಯಪುಸ್ತಕವೂ ಬಂತು. 1990ರ ದಶಕದ ಕೊನೆಗೆ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಕೆನೆತ್ ಡಾಕ್ಸಿ ಮತ್ತು ಜೇಮ್ಸ್ ಹಚಿಸನ್ ಇಡೀ ಸಾವಯವ ಲ್ಯಾಬ್ ಕೋರ್ಸನ್ನೇ ಹಸಿರು ತತ್ವಗಳ ಮೇಲೆ ಮರುರೂಪಿಸಿದರು. ಎರಡೂ ಕಡೆ ಶುರುವಿನಲ್ಲಿದ್ದದ್ದು ಕೊರತೆ. ಫ್ಯೂಮ್ ಹುಡ್ ಸಾಲದ ನಮ್ಮ ಕಾಲೇಜುಗಳಿಗೆ ಈ ಕಥೆಗಳು ಆಪ್ತವಾಗಬೇಕಾದದ್ದು ಅದಕ್ಕೇ.

ಭಾರತದಲ್ಲಿ ಇದಕ್ಕೆ ಕೈಪಿಡಿ ಇಲ್ಲ ಎನ್ನುವಂತಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಸಿರು ರಸಾಯನ ಕಾರ್ಯಪಡೆ ಪದವಿ ಮತ್ತು ಸ್ನಾತಕೋತ್ತರ ಲ್ಯಾಬ್‌ಗಳಿಗೆಂದೇ ಪ್ರಯೋಗಗಳ ಒಂದು ಕಿರುಗ್ರಂಥ ಹೊರತಂದಿದೆ. ಪ್ರತಿ ಪ್ರಯೋಗಕ್ಕೂ ಹಳೆಯ ವಿಧಾನ, ಅದರ ದೋಷ, ಬದಲಿ ವಿಧಾನ ಅಕ್ಕಪಕ್ಕದಲ್ಲಿವೆ. ಅಸೆಟನಿಲೈಡ್‌ಗೆ ಅನ್‌ಹೈಡ್ರೈಡ್ ಬದಲು ಗ್ಲೇಶಿಯಲ್ ಅಸೆಟಿಕ್ ಆಮ್ಲ ಮತ್ತು ಚಿಟಿಕೆ ಸತುವಿನ ಪುಡಿ. ಇಲ್ಲಿ ಹೊರಹೋಗುವುದು ಬರೀ ನೀರು. ಪರಮಾಣು ಮಿತವ್ಯಯ 69ರಿಂದ 88ಕ್ಕೆ ಏರುತ್ತದೆ. ಓದಿದ ಕೂಡಲೇ ಗೆದ್ದೆವು ಎನಿಸುತ್ತದೆ. ಆದರೆ ಲ್ಯಾಬಿನಲ್ಲಿ ಮಾಡುವಾಗ 10 ಗ್ರಾಂ ಅನಿಲಿನ್‌ಗೆ 30 ಮಿಲಿಲೀಟರ್ ಆಮ್ಲ ಸುರಿಯುವುದು ರೂಢಿ; ಸಮೀಕರಣಕ್ಕೆ ಬೇಕಾದದ್ದಕ್ಕಿಂತ ಅದು ಸುಮಾರು ಐದು ಪಟ್ಟು. ಮುಕ್ಕಾಲು ಗಂಟೆ ರಿಫ್ಲಕ್ಸ್ ಬೇರೆ, ಅಂದರೆ ಗ್ಯಾಸೂ ಖರ್ಚು, ಕಂಡೆನ್ಸರಿನ ನೀರೂ ಖರ್ಚು. ಹಳೆಯ ವಿಧಾನ ತನ್ನದೇ ಕಾವಿನಲ್ಲಿ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಹಾಗಾದರೆ ಯಾವುದು ಹಸಿರು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಎರಡು ಬ್ಯಾಚಿಗೆ ಎರಡು ವಿಧಾನ ಕೊಟ್ಟು, ಹಾಕಿದ್ದು, ಬಂದದ್ದು, ಉಳಿದದ್ದು, ಉರಿಸಿದ್ದು ಎಲ್ಲವನ್ನೂ ತೂಗಿಸಿ ಬರೆಸಿದರೆ ಅದು ನಿಜವಾದ ಪಾಠ. ಆಮ್ಲವನ್ನು ಎರಡು ಪಟ್ಟಿಗೆ ಇಳಿಸಿದರೆ ಏನಾಗುತ್ತದೆ ಎಂದು ಮಕ್ಕಳೇ ನೋಡಬಹುದು. ಒಂದು ಗ್ರಾಂ ಅನಿಲಿನ್‌ನಲ್ಲಿ ಮಾಡಿದರೆ, ಅಸೆಟಿಕ್ ಆಮ್ಲದ ಕುದಿಬಿಂದು 118 ಡಿಗ್ರಿ ಇರುವುದರಿಂದ, ಗಾಳಿಯಿಂದ ತಣಿಯುವ ಕೊಳವೆಯೇ ಸಾಕಾಗಬಹುದು.

ಬೆಂಜಾಯಿನ್ ಪ್ರಯೋಗದಲ್ಲಿ ಸಂಗತಿ ಇನ್ನೂ ಚೊಕ್ಕಟ. ಎರಡು ಬೆಂಜಾಲ್ಡಿಹೈಡ್ ಅಣುಗಳು ಕೂಡಿ ಒಂದು ಬೆಂಜಾಯಿನ್ ಆಗುತ್ತದೆ, ಒಂದು ಪರಮಾಣುವೂ ಹೊರಗೆ ಹೋಗುವುದಿಲ್ಲ. ಪರಮಾಣು ಮಿತವ್ಯಯ ನೂರಕ್ಕೆ ನೂರು. ಆದರೆ ಹಳೆಯ ವಿಧಾನದಲ್ಲಿ ಅವೆರಡನ್ನು ಕೂಡಿಸುವ ವೇಗವರ್ಧಕ ಪೊಟ್ಯಾಸಿಯಂ ಸಯನೈಡ್! ಲೆಕ್ಕದಲ್ಲಿ ಪೂರ್ಣಾಂಕ ಪಡೆದ ಪ್ರಯೋಗ ಅಟೆಂಡರ್‌ನ ಬೀರುವಿನಲ್ಲಿ ವಿಷದ ಬಾಟಲಿ ಇಡಿಸುತ್ತಿತ್ತು. ಒಂದು ಅಳತೆಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬದಲಿಗೆ ಬರುವುದು ಥಯಾಮಿನ್, ಅಂದರೆ ಅಕ್ಕಿಯ ತೌಡಿನಲ್ಲಿರುವ ಬಿ1 ಜೀವಸತ್ವ. ನಮ್ಮ ಮೈಯಲ್ಲಿ ಅದು ಕೆಲಸ ಮಾಡುವ ಬಗೆಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೆಸ್ಲೊ 1958ರಲ್ಲಿ ಬಿಡಿಸಿಟ್ಟರು. ಸಯನೈಡ್ ಮಾಡುವ ಕೆಲಸವನ್ನೇ ಜೀವಸತ್ವದ ಒಂದು ಮೂಲೆಯ ಕಾರ್ಬನ್ ಮಾಡುತ್ತದೆ.

ಈ ಪ್ರಯೋಗ ಮೊದಲ ಸಲ ಕೈಕೊಡುವುದುಂಟು. ಕಾರಣಗಳು ಸಾಮಾನ್ಯವಾಗಿ ಎರಡು. ಥಯಾಮಿನ್ ಬಿಸಿ ಕ್ಷಾರದಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಐಸಿನಲ್ಲಿಟ್ಟು ತಣ್ಣಗೆ ಮಾಡಿ, ತೊಟ್ಟು ತೊಟ್ಟಾಗಿ ಹಾಕಬೇಕು. ಇನ್ನೊಂದು, ಬೆಂಜಾಲ್ಡಿಹೈಡ್ ಬಾಟಲಿ ಹಳೆಯದಾಗಿದ್ದರೆ ಗಾಳಿ ತಾಗಿ ಅದರಲ್ಲಿ ಬೆಂಜೋಯಿಕ್ ಆಮ್ಲ ಬೆಳೆದಿರುತ್ತದೆ, ಮುಚ್ಚಳದ ಸುತ್ತ ಬಿಳಿ ಹರಳು ಕಾಣುತ್ತದೆ. ಆ ಆಮ್ಲ ಹಾಕಿದ ಕ್ಷಾರವನ್ನೆಲ್ಲ ನುಂಗುತ್ತದೆ. ಬೆಂಜಾಲ್ಡಿಹೈಡನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ತೊಳೆದು ಬಟ್ಟಿ ಇಳಿಸಿಕೊಂಡರೆ ಹರಳು ಬರುತ್ತದೆ. ಒಮ್ಮೆ ಹರಳು ಬಾರದೆ ಬಿಟ್ಟುಬಿಟ್ಟ ಅಧ್ಯಾಪಕರು ಸಯನೈಡಿಗೇ ಮರಳುವ ಸಾಧ್ಯತೆ ಇರುವುದರಿಂದ ಇಂಥ ಸಣ್ಣ ಗುಟ್ಟುಗಳು ಕೈಯಿಂದ ಕೈಗೆ ದಾಟಬೇಕು.

ಬ್ರೋಮಿನ್ ವಿಷಯಕ್ಕೆ ಬಂದರೆ, ಅಸೆಟನಿಲೈಡಿಗೆ ಬ್ರೋಮಿನ್ ಸೇರಿಸುವಾಗ ಅಣುವಿನ ಎರಡು ಬ್ರೋಮಿನ್ ಪರಮಾಣುಗಳಲ್ಲಿ ಒಂದು ಮಾತ್ರ ಉತ್ಪನ್ನಕ್ಕೆ ಸೇರುತ್ತದೆ, ಇನ್ನೊಂದು ಹೈಡ್ರೋಬ್ರೋಮಿಕ್ ಆಮ್ಲವಾಗಿ ಹೋಗುತ್ತದೆ. ಕೈಪಿಡಿಯ ಬದಲಿ ವಿಧಾನದಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಸೀರಿಕ್ ಅಮೋನಿಯಂ ನೈಟ್ರೇಟ್ ಬಳಸುತ್ತಾರೆ. ಕಣ್ಣುರಿ ಇಲ್ಲ, ಹತ್ತು ನಿಮಿಷದ ಕೆಲಸ. ಆದರೆ ಸೀರಿಕ್ ಅಮೋನಿಯಂ ನೈಟ್ರೇಟ್‌ನ ಅಣುತೂಕ 548. ಕಸದ ಲೆಕ್ಕದಲ್ಲಿ ಅದು ಸೋಲುತ್ತದೆ. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ತೋರಿಸಿದ ದಾರಿ ಇನ್ನೂ ಒಳ್ಳೆಯದು. ಎರಡು ಪಾಲು ಬ್ರೋಮೈಡಿಗೆ ಒಂದು ಪಾಲು ಬ್ರೋಮೇಟ್ ಬೆರೆಸಿ ಆಮ್ಲ ಹಾಕಿದರೆ ಮೂರೂ ಬ್ರೋಮಿನ್‌ಗಳು ಉತ್ಪನ್ನಕ್ಕೇ ಹೋಗುತ್ತವೆ, ಹೊರಗೆ ಬೀಳುವುದು ನೀರು ಮತ್ತು ಉಪ್ಪು. ಒಂದೇ ಪ್ರಯೋಗಕ್ಕೆ ಮೂರು ದಾರಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇವನ್ನು ಹೋಲಿಸಿ ಹೇಳು ಎಂದರೆ ಬಾಯಿಪಾಠಕ್ಕೆ ಅವಕಾಶವೇ ಇಲ್ಲ.

ಬಯಲುಸೀಮೆಗೆಂದೇ ಹೇಳಿ ಮಾಡಿಸಿದಂಥ ಪ್ರಯೋಗವೂ ಆ ಕೈಪಿಡಿಯಲ್ಲಿದೆ. ಬೆಂಜೋಫಿನೋನನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕರಗಿಸಿ, ಒಂದು ತೊಟ್ಟು ಗ್ಲೇಶಿಯಲ್ ಅಸೆಟಿಕ್ ಆಮ್ಲ ಬಿಟ್ಟು, ಫ್ಲಾಸ್ಕನ್ನು ಕತ್ತಿನವರೆಗೆ ತುಂಬಿಸಿ ಬಿರಡೆ ಹಾಕಿ ಬಿಸಿಲಿಗಿಟ್ಟರೆ ಆಯಿತು. ಬರ್ನರ್ ಬೇಡ, ಕಂಡೆನ್ಸರ್ ಬೇಡ, ಕರೆಂಟ್ ಹೋದರೂ ಚಿಂತೆಯಿಲ್ಲ. ಬಿಸಿಲು ಚುರುಕಾಗಿದ್ದರೆ ಕೆಲ ದಿನಗಳಲ್ಲಿ ಬೆಂಜೋಪಿನಾಕಾಲ್‌ನ ಹರಳುಗಳು ಗಾಜಿನ ಒಳಗೋಡೆಗೆ ಕಟ್ಟಿಕೊಂಡು ನಿಲ್ಲುತ್ತವೆ. ಆ ಒಂದು ತೊಟ್ಟು ಆಮ್ಲ ಯಾಕೆಂದರೆ, ಗಾಜಿನ ಮೇಲ್ಮೈಯ ಅತ್ಯಲ್ಪ ಕ್ಷಾರವೂ ಹುಟ್ಟಿದ ಉತ್ಪನ್ನವನ್ನು ಒಡೆದುಹಾಕಬಲ್ಲದು. ಪರಮಾಣು ಮಿತವ್ಯಯ 86 ಪ್ರತಿಶತ, ಜೊತೆಗೆ ಹುಟ್ಟುವುದು ಅಸಿಟೋನ್.

ಇಟಲಿಯ ಬೊಲೊನ್ಯಾದಲ್ಲಿ ಜಾಕೊಮೊ ಚಾಮಿಚಾನ್ ನೂರಿಪ್ಪತ್ತು ವರ್ಷಗಳ ಹಿಂದೆ ಹೀಗೆಯೇ ಫ್ಲಾಸ್ಕುಗಳನ್ನು ಸಾಲಾಗಿ ಬಿಸಿಲಿಗಿಟ್ಟು ಬೆಳಕಿನ ರಸಾಯನಶಾಸ್ತ್ರ ಕಟ್ಟಿದವರು. 1912ರಲ್ಲಿ ನ್ಯೂಯಾರ್ಕಿನಲ್ಲಿ ಮಾತಾಡುತ್ತ ಅವರು, ಕಲ್ಲಿದ್ದಲಿನ ಹೊಗೆಯಿಲ್ಲದ ರಾಸಾಯನಿಕ ಉದ್ಯಮ ಮುಂದೊಂದು ದಿನ ಒಣನಾಡುಗಳಲ್ಲಿ, ಗಾಜಿನ ಕೊಳವೆಗಳಲ್ಲಿ, ಸೂರ್ಯನ ಬೆಳಕಿನಲ್ಲಿ ನಡೆದೀತು ಎಂದು ಕಲ್ಪಿಸಿದ್ದರು. ಇವತ್ತು ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕಾಲೇಜಿನ ತಾರಸಿಯ ಮೇಲೊಂದು ಫ್ಲಾಸ್ಕ್ ಇಡುವುದು ಅಷ್ಟೇನೂ ದೊಡ್ಡ ಹೆಜ್ಜೆಯಲ್ಲ. ತೊಡಕಿರುವುದು ವೇಳಾಪಟ್ಟಿಯಲ್ಲಿ: ಮೂರು ಗಂಟೆಯ ಪ್ರಾಕ್ಟಿಕಲ್‌ಗೆ ಹೊಂದುವ ಪ್ರಯೋಗ ಇದಲ್ಲ. ಈ ವಾರ ಇಟ್ಟು ಮುಂದಿನ ವಾರ ತೆಗೆಯಬೇಕು, ನಡುವೆ ಮೋಡದ ದಿನಗಳನ್ನು ಬರೆದಿಡಬೇಕು.

ಊರಿನ ವಸ್ತುಗಳನ್ನೇ ಲ್ಯಾಬಿಗೆ ತರುವ ದಾರಿಗಳೂ ಇವೆ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ಚೊಗರಿನಲ್ಲಿ ಟ್ಯಾನಿನ್ ಧಾರಾಳ. ಫೀನಾಲ್ ಗುಂಪನ್ನು ಪತ್ತೆಹಚ್ಚುವ ಫೆರಿಕ್ ಕ್ಲೋರೈಡ್ ಪರೀಕ್ಷೆಗೆ ಮೊದಲ ವರ್ಷದವರ ಕೈಗೆ ಚರ್ಮ ಸುಡುವ ಫೀನಾಲ್ ಕೊಡಬೇಕಾಗಿಲ್ಲ. ನೀರು ಬೆರೆಸಿದ ಎರಡು ಹನಿ ಚೊಗರಿಗೆ ಫೆರಿಕ್ ಕ್ಲೋರೈಡ್ ಬಿಟ್ಟರೆ ಬಣ್ಣ ಹಸಿರುಗಪ್ಪಿಗೆ ತಿರುಗುವುದು ಕಣ್ಣಿಗೆ ಕಾಣುತ್ತದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸಂಶೋಧಕರು ದಾಳಿಂಬೆ ಸಿಪ್ಪೆಯನ್ನೂ ನಿಂಬೆ ಸಿಪ್ಪೆಯನ್ನೂ ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ನೆನೆಸಿ ಸೋಸಿದ ತಿಳಿಯನ್ನೇ ದ್ರಾವಕವಾಗಿಯೂ ವೇಗವರ್ಧಕವಾಗಿಯೂ ಬಳಸಿ ಸಾವಯವ ಸಂಶ್ಲೇಷಣೆ ಮಾಡಿದ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಬೂದಿಯ ಪೊಟ್ಯಾಸಿಯಂ ಕಾರ್ಬೋನೇಟ್ ಕ್ಷಾರದ ಕೆಲಸ ಮಾಡುತ್ತದೆ. ದಾಳಿಂಬೆ ಹಿರಿಯೂರು, ಹೊಸದುರ್ಗದ ಬೆಳೆಯೂ ಹೌದು. ಅಡಿಕೆ ಸಿಪ್ಪೆಗಂತೂ ಬರವಿಲ್ಲ. ಅಡಿಕೆ ಸಿಪ್ಪೆಯ ಬೂದಿ ನೀರಿನ ಕ್ಷಾರವನ್ನು ಟೈಟ್ರೇಶನ್ ಮಾಡಿ ಅಳೆದು, ಅದರಲ್ಲಿ ಒಂದು ಆಲ್ಡಾಲ್ ಕ್ರಿಯೆ ನಡೆಯುತ್ತದೆಯೇ ನೋಡುವುದು ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ.

ಇಲ್ಲೊಂದು ಎಚ್ಚರಿಕೆ ಬೇಕು. ಊರಿನದ್ದು, ಗಿಡದ್ದು, ನೈಸರ್ಗಿಕ ಎಂದ ಮಾತ್ರಕ್ಕೆ ಪ್ರಯೋಗ ಹಸಿರಾಗುವುದಿಲ್ಲ. ಬೂದಿ ನೀರಿನಲ್ಲಿ ಕ್ರಿಯೆ ನಡೆಸಿ, ಉತ್ಪನ್ನವನ್ನು ಬೇರ್ಪಡಿಸಲು ನೂರು ಮಿಲಿಲೀಟರ್ ಕ್ಲೋರೊಫಾರ್ಮ್ ಸುರಿದರೆ ಉಳಿಸಿದ್ದೇನು? ಹಾಗೆಯೇ ಮನೆಯ ಮೈಕ್ರೊವೇವ್ ಓವನ್‌ಗೆ ಹತ್ತಿಕೊಳ್ಳುವ ದ್ರಾವಕವಿಟ್ಟು ‘ಗ್ರೀನ್ ಸಿಂಥೆಸಿಸ್’ ಎಂದು ಕರೆಯುವುದು ಅಪಾಯಕ್ಕೆ ಆಹ್ವಾನ. ಹಸಿರು ಎಂಬುದು ಅಳೆದು ತೋರಿಸಬೇಕಾದ ಗುಣ.

ಗುಣಾತ್ಮಕ ವಿಶ್ಲೇಷಣೆಯಲ್ಲಿ ಬದಲಾವಣೆ ಇನ್ನೂ ಸುಲಭ. ನೈಟ್ರೋಜನ್, ಗಂಧಕ, ಹ್ಯಾಲೋಜನ್ ಹುಡುಕಲು ಸೋಡಿಯಂ ಲೋಹ ಕರಗಿಸುವ ಲೆಸೇನ್ ಪರೀಕ್ಷೆಗೆ ಬದಲು ಸತುವಿನ ಪುಡಿ ಮತ್ತು ಸೋಡಿಯಂ ಕಾರ್ಬೋನೇಟ್ ಬೆರೆಸಿದ ಮಿಡಲ್‌ಟನ್ ಮಿಶ್ರಣ ಸಾಕು. ನೀರು ತಾಗಿದರೆ ಸಿಡಿಯುವ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವ ತಾಪತ್ರಯ ತಪ್ಪುತ್ತದೆ. ದ್ವಿಬಂಧ ಗುರುತಿಸಲು ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕರಗಿಸಿದ ಬ್ರೋಮಿನ್ ಬೇಡ, ತೆಳು ಪರ್ಮ್ಯಾಂಗನೇಟ್ ದ್ರಾವಣದ ಬಣ್ಣ ಹೋಗುವುದು ಸಾಕು. ಕಾರ್ಬನ್ ಟೆಟ್ರಾಕ್ಲೋರೈಡ್ ಓಝೋನ್ ಪದರವನ್ನು ಕೆಡಿಸುವ ವಸ್ತುವೆಂದು ಮಾಂಟ್ರಿಯಲ್ ಒಪ್ಪಂದದ ಪಟ್ಟಿಯಲ್ಲಿದ್ದರೂ ಹಳೆಯ ರೆಕಾರ್ಡುಗಳಲ್ಲಿ ಅದರ ಹೆಸರು ಇನ್ನೂ ಉಳಿದಿದೆ. ಫೆಹ್ಲಿಂಗ್ ಪರೀಕ್ಷೆಯ ನೀಲಿ ದ್ರಾವಣವನ್ನು ಒಂದು ಕ್ಯಾನಿನಲ್ಲಿ ಕೂಡಿಟ್ಟು, ಆಮ್ಲ ಬೆರೆಸಿ, ತುಕ್ಕು ಕೆರೆದ ಮೊಳೆಗಳನ್ನು ಹಾಕಿದರೆ ತಾಮ್ರ ಮೊಳೆಯ ಮೇಲೆ ಕೆಂಪಗೆ ಕೂರುತ್ತದೆ. ಇಂಗಳದಾಳಿನ ತಾಮ್ರದ ಗಣಿಯ ಹೆಸರು ಕೇಳಿ ಬೆಳೆದ ಮಕ್ಕಳಿಗೆ ಲೋಹವನ್ನು ತ್ಯಾಜ್ಯದಿಂದ ಮರಳಿ ಪಡೆಯುವ ಈ ಕೆಲಸ ಬೇಗ ಮನಸ್ಸಿಗೆ ಹಿಡಿಸೀತು. ಟಾಲೆನ್ಸ್ ಪರೀಕ್ಷೆಯ ಬೆಳ್ಳಿ ದ್ರಾವಣವನ್ನು ಮಾತ್ರ ಕೂಡಿಡಬಾರದು. ಇಟ್ಟರೆ ಸ್ಫೋಟಿಸುವ ವಸ್ತು ಹುಟ್ಟಬಹುದು. ಅದೇ ದಿನ ಆಮ್ಲ ಹಾಕಿ ಕೆಡಿಸಿ, ಉಪ್ಪು ಬೆರೆಸಿ ಸಿಲ್ವರ್ ಕ್ಲೋರೈಡ್ ಆಗಿ ಇಳಿಸಿಕೊಳ್ಳಬೇಕು.

ಇಷ್ಟೆಲ್ಲ ಗೊತ್ತಿದ್ದೂ ಹಳೆಯದೇ ನಡೆಯುವುದಕ್ಕೆ ಅಧ್ಯಾಪಕರ ಉದಾಸೀನವೇ ಕಾರಣ ಎನ್ನುವುದು ಅನ್ಯಾಯ. ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಲ್ಯಾಬ್ ನಡೆಸುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವು ಅಲ್ಲೇ ಇರುತ್ತೇವೆಂಬ ಭರವಸೆ ಅವರಿಗಿಲ್ಲ. ರಾಸಾಯನಿಕಗಳ ಇಂಡೆಂಟ್ ವರ್ಷಕ್ಕೊಮ್ಮೆ, ಹಿಂದಿನ ವರ್ಷದ ಪಟ್ಟಿಯ ನಕಲಿನಂತೆ ಹೋಗುತ್ತದೆ. ಪಠ್ಯಕ್ರಮ ನಿಲ್ಲುತ್ತಲೂ ಇಲ್ಲ: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎಲ್ಲಕ್ಕಿಂತ ಗಟ್ಟಿಯಾದ ಗೋಡೆ ಪ್ರಾಕ್ಟಿಕಲ್ ಪರೀಕ್ಷೆ. ಬೇರೆ ಕಾಲೇಜಿನಿಂದ ಬರುವ ಎಕ್ಸ್‌ಟರ್ನಲ್ ಪರೀಕ್ಷಕರ ಮುಂದೆ ಮಗು ಇಡಬೇಕಾದದ್ದು ಗ್ರಾಂಗಟ್ಟಲೆ ಹರಳು. ಅರ್ಧ ಗ್ರಾಂ ಉತ್ಪನ್ನ ತೋರಿಸಿದರೆ ಅಂಕ ಕಡಿತವಾದೀತೆಂಬ ಹೆದರಿಕೆ ಇರುವವರೆಗೆ ಯಾರೂ ಮೈಕ್ರೊಸ್ಕೇಲ್‌ಗೆ ಇಳಿಯುವುದಿಲ್ಲ.

ಹಾಗಾಗಿ ಕೀಲಿಕೈ ಇರುವುದು ಅಧ್ಯಯನ ಮಂಡಳಿಯ ಬಳಿ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಎರಡೇ ಜಿಲ್ಲೆಗಳ ವಿಶ್ವವಿದ್ಯಾಲಯವಾದ್ದರಿಂದ ಅಧ್ಯಾಪಕರೆಲ್ಲ ಒಂದು ದಿನ ಒಂದೆಡೆ ಸೇರುವುದು ಅಸಾಧ್ಯವೇನಲ್ಲ. ಪ್ರಾಕ್ಟಿಕಲ್ ಅಂಕಗಳಲ್ಲಿ ಒಂದು ಪಾಲನ್ನು ಇಳುವರಿಯಿಂದ ತೆಗೆದು ಉಳಿಕೆಯ ಲೆಕ್ಕಕ್ಕೆ ಕೊಡಬಹುದು. ರೆಕಾರ್ಡಿನಲ್ಲಿ ‘ಉಳಿದದ್ದು, ಅದರ ವಿಲೇವಾರಿ’ ಎಂಬ ತಲೆಬರಹ ಕಡ್ಡಾಯ ಮಾಡಬಹುದು. ವೈವಾದಲ್ಲಿ ಹನ್ನೆರಡು ತತ್ವ ಹೇಳಿಸುವ ಬದಲು ಆ ದಿನ ಮಾಡಿದ ಪ್ರಯೋಗದಲ್ಲಿ ಏನನ್ನು ಬದಲಿಸುತ್ತೀ ಎಂದು ಕೇಳಬಹುದು. ಇವಕ್ಕೆ ಹೊಸ ಕಟ್ಟಡ ಬೇಕಿಲ್ಲ, ಟೆಂಡರ್ ಬೇಕಿಲ್ಲ.

ಕೈಕೆಲಸದ ತರಬೇತಿಗೆ ಜಿಲ್ಲೆಯೊಳಗೇ ಜಾಗವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ವಿಜ್ಞಾನ ಅಧ್ಯಾಪಕರಿಗೆ ಉಳಿದು ಕಲಿಯುವ ತರಬೇತಿ ಕೊಡುತ್ತ ಬಂದಿದೆ, ಉಪನ್ಯಾಸಕ್ಕಿಂತ ಪ್ರಯೋಗಕ್ಕೆ ಅಲ್ಲಿ ಹೆಚ್ಚು ಸಮಯ. ಹಿರಿಯೂರಿನ, ಹೊಸದುರ್ಗದ ಉಪನ್ಯಾಸಕರೊಬ್ಬರು ಅಂಥ ಕಡೆ ಒಂದು ವಾರ ಕೂತು ಥಯಾಮಿನ್ ಬೆಂಜಾಯಿನ್ ತಪ್ಪದೆ ಬರುವವರೆಗೆ ಮಾಡಿ, ಬಕೆಟ್ ಪಂಪಿನ ರಿಫ್ಲಕ್ಸ್ ಜೋಡಿಸಿ, ಹತ್ತರಲ್ಲೊಂದು ಪ್ರಮಾಣದಲ್ಲಿ ಕರಗುವ ಬಿಂದು ಸರಿ ಬರುವುದನ್ನು ತಾವೇ ನೋಡಿದರೆ, ಮುಂದಿನ ಇಂಡೆಂಟಿನಲ್ಲಿ ಸಯನೈಡ್ ಇರುವ ಸಾಲನ್ನು ಹೊಡೆದುಹಾಕಿ ಥಯಾಮಿನ್ ಹೈಡ್ರೊಕ್ಲೋರೈಡ್ ಎಂದು ಬರೆಯಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ತರಬೇತಿಯಲ್ಲಿ ಲ್ಯಾಬ್ ಅಟೆಂಡರನ್ನೂ ಜೊತೆಗೆ ಕೂರಿಸಬೇಕು; ಉಳಿಕೆ ತುಂಬುವ ಕ್ಯಾನುಗಳ ಮೇಲೆ ಕ್ಲೋರಿನ್ ಇರುವ ದ್ರಾವಕ, ಕ್ಲೋರಿನ್ ಇಲ್ಲದ್ದು, ಭಾರಲೋಹ ಎಂದು ಚೀಟಿ ಅಂಟಿಸಿ ಬೇರೆ ಬೇರೆ ಇಡುವವರು ಕೊನೆಗೆ ಅವರೇ.